‘ಏನೂ ಆಗಲ್ಲ, ಧೈರ್ಯವಾಗಿರಿ’ ಅನ್ನೋದರ ಬದಲು ರೋಗಿಗೆ ಏನು ಹೇಳಬೇಕು?

ಮೂರನೇ_ವರ್ಷ:
ನರ್ಸಿಂಗ್ ಮೂರನೇ ವರ್ಷದಲ್ಲಿದ್ದೀನಿ. ಚಿಕಿತ್ಸಕ ಸಂವಹನದ, ಅಂದರೆ ರೋಗಿಗೆ ನೆರವಾಗುವ ಹಾಗೆ ಮಾತಾಡುವ ತಂತ್ರಗಳೆಲ್ಲ ಪರೀಕ್ಷೆಗೆ ಬಾಯಿಪಾಠ ಆಗಿವೆ. ಆಲಿಸುವುದು, ಮೌನ, ಮುಕ್ತ ಪ್ರಶ್ನೆ, ಪ್ರತಿಫಲನ (ರೋಗಿ ಹೇಳಿದ್ದನ್ನೇ ತಿರುಗಿ ಹೇಳೋದು), ಸ್ಪಷ್ಟೀಕರಣ, ಸಾರಾಂಶ. ಆದರೆ ಆಪರೇಷನ್ನಿಗೆ ಹೋಗುವ ಮುಂಚೆ ರೋಗಿ “ಸಿಸ್ಟರ್, ನಾನು ಉಳೀತೀನಾ?” ಅಂತ ಕೇಳಿದಾಗ ಈ ಪಟ್ಟಿ ಕೈಕೊಡುತ್ತೆ. ವಾರ್ಡಿನಲ್ಲಿ ಎಲ್ಲರ ಬಾಯಲ್ಲೂ ಬರೋದು ಒಂದೇ ಮಾತು: “ಏನೂ ಆಗಲ್ಲ, ಧೈರ್ಯವಾಗಿರಿ.” ಪಠ್ಯದಲ್ಲಿ ಅದು ಹುಸಿ ಭರವಸೆ, ತಪ್ಪು ಅಂತಿದೆ. ಸರಿ, ತಪ್ಪಾದರೆ ಅದರ ಬದಲು ಬಾಯಿಬಿಟ್ಟು ಹೇಳಬೇಕಾದ ಮಾತು ಯಾವುದು? ದಯವಿಟ್ಟು ತತ್ವ ಬೇಡ, ವಾಕ್ಯಗಳನ್ನೇ ಬರೆಯಿರಿ. ಒಬ್ಬ ನರ್ಸ್ ಪಾಲಿಗೆ ಇಪ್ಪತ್ತು ಮೂವತ್ತು ಹಾಸಿಗೆ ಇರುವಾಗ ಇದಕ್ಕೆಲ್ಲ ಹೊತ್ತು ಎಲ್ಲಿಂದ ತರೋದು ಅನ್ನೋದನ್ನೂ ತಿಳಿಸಿ.

ಬೋಧಕಿ:
ಆ ಮಾತಿನಿಂದ ಏನು ಕೆಡುತ್ತೆ ಅನ್ನೋದನ್ನು ಮೊದಲು ನೋಡೋಣ, ಆಗ ಸರಿಯಾದ ವಾಕ್ಯ ತಾನಾಗಿ ಸಿಗುತ್ತೆ. “ಏನೂ ಆಗಲ್ಲ” ಅಂದ ತಕ್ಷಣ ರೋಗಿ ಸುಮ್ಮನಾಗ್ತಾರೆ. ಭಯ ಹೋಯಿತು ಅಂತಲ್ಲ, ಇವರ ಹತ್ತಿರ ಹೇಳಿಕೊಂಡು ಪ್ರಯೋಜನ ಇಲ್ಲ ಅಂತ ತಿಳಿಯಿತು, ಅಷ್ಟೇ. ಆ ಭಯದ ಹಿಂದೆ ನಮಗೆ ಬೇಕೇ ಬೇಕಾದ ಮಾಹಿತಿ ಇರಬಹುದು. ಹಿಂದಿನ ಸಲ ಅರಿವಳಿಕೆ ಕೊಟ್ಟಾಗ ಉಸಿರಿನ ತೊಂದರೆ ಆಗಿತ್ತು, ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸೋದು ಮರೆತುಹೋಯಿತು, ಬೆಳಿಗ್ಗೆ ತಡೆಯಲಾರದೆ ಅರ್ಧ ಲೋಟ ಹಾಲು ಕುಡಿದುಬಿಟ್ಟೆ. ತಿಳಿನೀರಾದರೆ ಸಾಮಾನ್ಯವಾಗಿ ಅರಿವಳಿಕೆಗೆ 2 ಗಂಟೆ ಮುಂಚಿನವರೆಗೆ ಒಪ್ಪುತ್ತಾರೆ. ಹಾಲಿಗೆ 6 ಗಂಟೆ ಬೇಕು. ಪ್ರಜ್ಞೆ ಇಲ್ಲದಾಗ ಆ ಅರ್ಧ ಲೋಟ ಹಾಲು ಹೊಟ್ಟೆಯಿಂದ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಹಾಗಾಗಿ ಹುಸಿ ಭರವಸೆಯನ್ನು ಬರೀ ನಯದ ಕೊರತೆ ಅಂತ ತಿಳಿಯಬೇಡಿ, ಅದರಿಂದ ತಪಾಸಣೆಯೇ ಅರ್ಧಕ್ಕೆ ನಿಲ್ಲುತ್ತೆ.

ಈಗ ವಾಕ್ಯ. ಮೊದಲು ಕಂಡದ್ದನ್ನು ಹೇಳಿ: “ಆಪರೇಷನ್ ಅಂದ್ರೆ ಹೆದರಿಕೆ ಆಗ್ತಿದೆ, ಅಲ್ವಾ?” ಅಲ್ಲಿಗೆ ನಿಲ್ಲಿಸಿ. ಎರಡನೆಯದು, “ಯಾವುದನ್ನ ನೆನೆಸಿಕೊಂಡ್ರೆ ಜಾಸ್ತಿ ಭಯ ಆಗುತ್ತೆ?” ಬಹಳ ಜನ ಸಾವಿನ ಬಗ್ಗೆ ಹೇಳೋದೇ ಇಲ್ಲ. ನಡುವೆ ಎಚ್ಚರ ಆದರೆ? ನೋವು ತಡೆಯೋಕೆ ಆಗದಿದ್ದರೆ? ಪ್ರಜ್ಞೆ ಇಲ್ಲದಾಗ ಬಟ್ಟೆ ಸರಿದಿದ್ದರೆ? ಮೂರನೆಯದು, ನಿಮಗೆ ಖಚಿತವಾಗಿ ಗೊತ್ತಿರೋದು ಮಾತ್ರ: “ಅರಿವಳಿಕೆ ಡಾಕ್ಟರ್ ಶುರುವಿನಿಂದ ಕೊನೆತನಕ ನಿಮ್ಮ ತಲೆ ಹತ್ತಿರಾನೇ ಇರ್ತಾರೆ. ಎಚ್ಚರ ಆದಾಗ ಗಂಟಲು ಒಣಗಿದ ಹಾಗೆ ಅನ್ನಿಸಬಹುದು, ಮುಖದ ಮೇಲೆ ಆಕ್ಸಿಜನ್ ಮಾಸ್ಕ್ ಇರಬಹುದು, ಗಾಬರಿ ಬೇಡ.” ಕೊನೆಯದಾಗಿ, ನೀವು ಏನು ಮಾಡ್ತೀರಿ, ಯಾವಾಗ ತಿರುಗಿ ಬರ್ತೀರಿ: “ಹಿಂದಿನ ಸಲದ ಉಸಿರಿನ ವಿಷಯ ಈಗಲೇ ಅವರಿಗೆ ಫೋನ್ ಮಾಡಿ ತಿಳಿಸ್ತೀನಿ. ಏನಂದ್ರು ಅಂತ ಹತ್ತು ನಿಮಿಷದಲ್ಲಿ ಬಂದು ಹೇಳ್ತೀನಿ.” ಹತ್ತು ನಿಮಿಷ ಅಂದರೆ ಹತ್ತೇ ನಿಮಿಷ. ಡಾಕ್ಟರ್ ಸಿಗದಿದ್ದರೂ ಬನ್ನಿ, ಸಿಗಲಿಲ್ಲ ಅಂತಾದರೂ ಹೇಳಿ.

“ಉಳೀತೀನಾ?” ಅನ್ನೋದಕ್ಕೆ ನೇರ ಉತ್ತರ ಬೇಕೆಂದು ಹಟ ಹಿಡಿದರೆ: “ಅದನ್ನ ಖಚಿತವಾಗಿ ಹೇಳೋ ಶಕ್ತಿ ನನಗಿಲ್ಲ. ಅಪಾಯ ಎಷ್ಟು ಅಂತ ಡಾಕ್ಟರ್ ಹತ್ತಿರ ನೀವೇ ಮಾತಾಡೋ ಹಾಗೆ ಮಾಡ್ತೀನಿ. ನಿಮ್ಮನ್ನ ಒಳಗೆ ಕಳಿಸೋತನಕ ನಾನು ಇಲ್ಲೇ ಇರ್ತೀನಿ.”

ಇದು ಹೊಸ ವಿಚಾರವೇನಲ್ಲ. ಸುಮ್ಮಸುಮ್ಮನೆ ಭರವಸೆ, ಬುದ್ಧಿವಾದ ಸುರಿಯುವವರಿಂದ ರೋಗಿಗೆ ಎಷ್ಟು ಆಯಾಸ ಅಂತ ಫ್ಲಾರೆನ್ಸ್ ನೈಟಿಂಗೇಲ್ 19ನೇ ಶತಮಾನದಲ್ಲೇ ಬಿಡಿಸಿ ಬರೆದರು. ರೋಗಿ ಕತ್ತು ತಿರುಗಿಸದೆ ನೋಡುವಂಥ ಜಾಗದಲ್ಲಿ ಕೂತು ಮಾತಾಡಿ ಅಂದವರೂ ಅವರೇ. ನರ್ಸ್–ರೋಗಿ ಸಂಬಂಧವೇ ಆರೈಕೆಯ ತಿರುಳು ಅಂತ ಅಮೆರಿಕದ ನರ್ಸ್ ಹಿಲ್ಡೆಗಾರ್ಡ್ ಪೆಪ್ಲಾವ್ 1952ರಲ್ಲಿ ಸಿದ್ಧಾಂತವಾಗಿ ಕಟ್ಟಿದರು. ಪರೀಕ್ಷೆಗೆ ಬರುವ, ಆ ಸಂಬಂಧದ ಹಂತಗಳು ಅಲ್ಲಿಂದ ಬಂದವು.

ರಾತ್ರಿಪಾಳಿ:
ಹೊತ್ತಿನ ಪ್ರಶ್ನೆಗೆ ನಾನು ಬರೀತೀನಿ. ಮಾತಿಗೆ ಅಂತ ಬೇರೆ ಹೊತ್ತು ಹುಡುಕಿದರೆ ಎಂದಿಗೂ ಸಿಗಲ್ಲ. ಕೈ ಕೆಲಸದಲ್ಲಿರುವಾಗಲೇ ಮಾತು ನಡೀಬೇಕು. ಹಾಸಿಗೆಯಲ್ಲೇ ಮೈ ಒರೆಸುವ ಕೆಲಸ ತಗೊಳ್ಳಿ, ಇಪ್ಪತ್ತು ನಿಮಿಷ ಹಿಡಿಯುತ್ತೆ. ವಾರ್ಡಿನಲ್ಲಿ ರೋಗಿ ಜೊತೆ ಅಷ್ಟು ಹೊತ್ತು ಒಬ್ಬಂಟಿಯಾಗಿ ಸಿಗುವ ಕೆಲಸ ಇನ್ನೊಂದಿಲ್ಲ. ಅದನ್ನು ಸಹಾಯಕರ ಮೇಲೆ ಪೂರ್ತಿ ಹಾಕಿಬಿಡೋದು ದೊಡ್ಡ ನಷ್ಟ ಅಂತ ನನ್ನ ಅಭಿಪ್ರಾಯ.

ಪರದೆ ಎಳೆದು ಶುರು ಮಾಡಿ. ನೀರು 40ರಿಂದ 43 ಡಿಗ್ರಿ ಸೆಲ್ಸಿಯಸ್, ಥರ್ಮಾಮೀಟರ್ ಇಲ್ಲದಿದ್ದರೆ ನಿಮ್ಮ ಮುಂಗೈ ಒಳಭಾಗಕ್ಕೆ ತಾಗಿಸಿ ನೋಡಿ. ಒರೆಸುವ ಭಾಗ ಮಾತ್ರ ತೆರೆದಿರಲಿ, ಉಳಿದದ್ದಕ್ಕೆ ಹೊದಿಕೆ. ಕಣ್ಣನ್ನು ಸೋಪಿಲ್ಲದ ನೀರಿನಲ್ಲಿ ಮೂಗಿನ ಕಡೆಯಿಂದ ಹೊರಗಡೆಗೆ, ಒಂದೊಂದು ಕಣ್ಣಿಗೂ ಬಟ್ಟೆಯ ಬೇರೆ ಬೇರೆ ತುದಿ. ಕೈಕಾಲು ಬೆರಳಿನ ಕಡೆಯಿಂದ ಮೇಲಕ್ಕೆ. ಜನನಾಂಗದ ಭಾಗ ಮುಂದಿನಿಂದ ಹಿಂದಕ್ಕೆ, ಕೈಲಾದವರಿಗೆ ಬಟ್ಟೆ ಕೊಟ್ಟು ಅವರೇ ಒರೆಸಿಕೊಳ್ಳಲು ಬಿಡಿ. ಆಮೇಲೆ ನೀರು ಬದಲಿಸಿ. ಸ್ತನದ ಕೆಳಗೆ, ತೊಡೆಸಂದಿ, ಬೆರಳ ಸಂದಿಯಲ್ಲಿ ತೇವ ಉಳಿಯಬಾರದು. ಪ್ರತಿ ಹಂತಕ್ಕೂ ಮೊದಲು ಮಾತು, ಆಮೇಲೆ ಕೈ: “ಈಗ ಎಡಗಡೆ ತಿರುಗಿಸ್ತೀನಿ, ನನ್ನ ಕೈ ನಿಮ್ಮ ಭುಜದ ಮೇಲೆ ಬರುತ್ತೆ.”

ಬೆನ್ನು ತಿರುಗಿಸಿದಾಗ ಬಾಲಮೂಳೆ, ಸೊಂಟ, ಹಿಮ್ಮಡಿ ನೋಡಿ. ಕೆಂಪಾದ ಜಾಗವನ್ನು ಬೆರಳಲ್ಲಿ ಒತ್ತಿ ಬಿಟ್ಟಾಗ ಬಿಳಿಚಿಕೊಳ್ಳದಿದ್ದರೆ ಅದು ಬೆಡ್‌ಸೋರ್‌ನ (ಮಲಗಿದಲ್ಲೇ ಒತ್ತಿ ಆಗುವ ಹುಣ್ಣಿನ) ಮೊದಲ ಹಂತ. ಕಪ್ಪು ಚರ್ಮದಲ್ಲಿ ಕೆಂಪು ಕಾಣಲ್ಲ. ಬಿಸಿ, ಗಟ್ಟಿತನ, ನೋವು ಇದೆಯಾ ಅಂತ ಮುಟ್ಟಿ, ಕೇಳಿ ತಿಳೀಬೇಕು. ಅಲ್ಲಿ ತಿಕ್ಕಬೇಡಿ, ಒಳಗಿನ ಅಂಗಾಂಶ ಇನ್ನಷ್ಟು ಹಾಳಾಗುತ್ತೆ. 30 ಡಿಗ್ರಿ ಓರೆಗೆ ಮಲಗಿಸಿ, ಮೀನಖಂಡದ ಕೆಳಗೆ ದಿಂಬು ಕೊಟ್ಟು ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಎತ್ತಿಡಿ.

ಮುಖ ನೋಡಿ ಹೇಳಲಾಗದ ಮಾತು ಬೆನ್ನು ಒರೆಸುವಾಗ ಹೊರಬರುತ್ತೆ. ಕಣ್ಣಿಗೆ ಕಣ್ಣು ಕೂಡಿಸಲೇಬೇಕು ಅನ್ನೋ ನಿಯಮ ಎಲ್ಲ ಕಡೆ ಹೊಂದಲ್ಲ ಅನ್ನೋದಕ್ಕೆ ಇದೇ ಸಾಕ್ಷಿ. “ಮನೆಯಲ್ಲಿ ಯಾರು ನೋಡ್ಕೋತಾರೆ?” ಅಂತ ಕೇಳಿ, ಸುಮ್ಮನೆ ಒರೆಸುತ್ತಾ ಇರಿ.

ಇನ್ನೊಂದು, ಗಂಟೆಗೊಮ್ಮೆ ಸುತ್ತು ಹೋಗುವಾಗ ನಾಲ್ಕು ಕೇಳಿ: ನೋವು ಇದೆಯಾ, ಬಾತ್‌ರೂಮಿಗೆ ಹೋಗಬೇಕಾ, ಹೀಗೆ ಮಲಗಿರೋದು ಸರಿಯಾಗಿದೆಯಾ, ನೀರು–ಕನ್ನಡಕ–ಕಾಲ್ ಬೆಲ್ ಕೈಗೆ ಸಿಗುತ್ತಾ. ಹೊರಡುವಾಗ “ಇನ್ನೊಂದು ಗಂಟೆಗೆ ಬರ್ತೀನಿ” ಅನ್ನಿ. ನಡುವೆ ಬೆಲ್ ಒತ್ತೋದು ಕಡಿಮೆ ಆಗುತ್ತೆ, ಒಬ್ಬರೇ ಎದ್ದು ಬೀಳೋದೂ ಕಡಿಮೆ ಆಗುತ್ತೆ. ಕೈ ಹಿಡಿದುಕೊಂಡರೆ ಎಲ್ಲರಿಗೂ ಸಮಾಧಾನ, ಅದಕ್ಕಂತೂ ಹೊತ್ತೇ ಬೇಡ.

ಮನೋವಾರ್ಡ್:
ರಾತ್ರಿಪಾಳಿ ಅವರ ಉಳಿದದ್ದೆಲ್ಲ ಒಪ್ಪಿದೆ, ಕೊನೆಯ ಸಾಲು ಒಪ್ಪಲ್ಲ. ಸ್ಪರ್ಶ ಎಲ್ಲರಿಗೂ ಸಮಾಧಾನ ಕೊಡಲ್ಲ. ಅನುಮಾನದ ಕಾಯಿಲೆ ಇರುವವರಿಗೆ, ಮೇನಿಯಾದಲ್ಲಿ (ಮನಸ್ಸು ಮಿತಿಮೀರಿ ಉದ್ರೇಕಗೊಳ್ಳುವ ಸ್ಥಿತಿ) ಕೆರಳಿರುವವರಿಗೆ, ಹಿಂಸೆ ಅಥವಾ ಲೈಂಗಿಕ ದೌರ್ಜನ್ಯ ಅನುಭವಿಸಿದವರಿಗೆ ಕೇಳದೆ ಮುಟ್ಟಿದರೆ ದಾಳಿ ಮಾಡಿದ ಹಾಗೆ ಅನ್ನಿಸುತ್ತೆ. “ಕೈ ಹಿಡ್ಕೊಳ್ಳಲಾ?” ಅಂತ ಕೇಳಿ, ಅಥವಾ ನಿಮ್ಮ ಕೈಯನ್ನು ಹಾಸಿಗೆ ಅಂಚಿನಲ್ಲಿ ಅಂಗೈ ಮೇಲಾಗಿ ಇಟ್ಟು ಬಿಡಿ, ಬೇಕಾದರೆ ಅವರೇ ಹಿಡೀತಾರೆ.

ನಮ್ಮ ಕಡೆ ಪದೇಪದೇ ಕೇಳುವ ಮೂರು ಸಂದರ್ಭ ಬರೀತೀನಿ.

ರೋಗಿಗೆ ಧ್ವನಿಗಳು ಕೇಳಿಸ್ತಿವೆ. “ಹಾಗೇನೂ ಇಲ್ಲ, ನಿಮ್ಮ ಭ್ರಮೆ” ಅಂದರೆ ವಾದ ಹುಟ್ಟುತ್ತೆ. “ಹೌದು, ನನಗೂ ಕೇಳ್ತಿದೆ” ಅಂದರೆ ಭ್ರಮೆಗೆ ನಾವೇ ಸಾಕ್ಷಿ ಹೇಳಿದ ಹಾಗೆ. ಹೇಳಬೇಕಾದ್ದು: “ನನಗೆ ಆ ಧ್ವನಿ ಕೇಳ್ತಿಲ್ಲ. ಆದರೆ ನಿಮಗೆ ಕೇಳ್ತಿದೆ, ಅದರಿಂದ ಹೆದರಿಕೆ ಆಗ್ತಿದೆ ಅನ್ನೋದು ಕಾಣ್ತಿದೆ. ಅದು ಏನು ಹೇಳ್ತಿದೆ?” ಕೊನೆಯ ಪ್ರಶ್ನೆ ಬಿಡಲೇಬೇಡಿ. ಧ್ವನಿ ಬೈಯುತ್ತಿದೆಯೋ, ‘ಹಾರು’, ‘ಹೊಡಿ’ ಅಂತ ಅಪ್ಪಣೆ ಕೊಡ್ತಿದೆಯೋ ಅನ್ನೋದು ಆಗ ಮಾತ್ರ ಗೊತ್ತಾಗುತ್ತೆ. ಅಪ್ಪಣೆ ಇದ್ದರೆ ಒಬ್ಬರನ್ನೇ ಬಿಡಬೇಡಿ, ತಕ್ಷಣ ಡಾಕ್ಟರಿಗೆ ತಿಳಿಸಿ.

ಎರಡನೆಯದು, “ಬದುಕಿ ಏನು ಪ್ರಯೋಜನ” ಅನ್ನುವವರು. “ಹಾಗೆಲ್ಲ ಮಾತಾಡಬಾರದು, ಮಕ್ಕಳ ಮುಖ ನೋಡಿ” ಅನ್ನೋದು ಅತ್ಯಂತ ಕೆಟ್ಟ ಉತ್ತರ. ಅಪರಾಧಿ ಭಾವ ಮೊದಲೇ ಇರುತ್ತೆ, ನಾವು ಅದರ ಭಾರ ಹೆಚ್ಚಿಸ್ತೀವಿ. ನೇರವಾಗಿ ಕೇಳಿ: “ಸಾಯಬೇಕು, ಜೀವ ತೆಗೆದುಕೊಳ್ಳಬೇಕು ಅನ್ನೋ ಯೋಚನೆ ಬರ್ತಿದೆಯಾ?” ಹೌದು ಅಂದರೆ: “ಹೇಗೆ ಅಂತ ಯೋಚನೆ ಮಾಡಿದೀರಾ? ಅದಕ್ಕೆ ಬೇಕಾದ್ದು ನಿಮ್ಮ ಹತ್ತಿರ ಇದೆಯಾ? ಮುಂಚೆ ಯಾವಾಗಲಾದರೂ ಪ್ರಯತ್ನ ಮಾಡಿದ್ರಾ?” ಕೇಳಿದರೆ ಇಲ್ಲದ ಯೋಚನೆ ತಲೆಗೆ ಬಂದುಬಿಡುತ್ತೆ ಅನ್ನೋದು ತಪ್ಪು ನಂಬಿಕೆ. ಕೇಳಿದ್ದರಿಂದ ಹಗುರಾಗುವವರೇ ಹೆಚ್ಚು. “ಯಾರಿಗೂ ಹೇಳಬೇಡಿ ಸಿಸ್ಟರ್” ಅಂದರೆ ಮಾತು ಕೊಡಬೇಡಿ: “ಇದನ್ನ ನಾನೊಬ್ಬಳೇ ಇಟ್ಕೊಂಡ್ರೆ ನಿಮ್ಮನ್ನ ಕಾಪಾಡೋಕೆ ಆಗಲ್ಲ. ಡಾಕ್ಟರಿಗೆ ಹೇಳ್ತೀನಿ, ಹೇಳುವಾಗ ನೀವೂ ಜೊತೆಗಿರಿ.” ಆಮೇಲೆ ಪಕ್ಕದಲ್ಲಿ ಯಾರಾದರೂ ಇರುವ ವ್ಯವಸ್ಥೆ ಮಾಡಿ, ಬ್ಲೇಡು, ದುಪ್ಪಟ್ಟ, ಚಾರ್ಜರ್ ವೈರ್, ಕೂಡಿಟ್ಟ ಮಾತ್ರೆ ತೆಗೆಯಿರಿ. ನರ್ಸ್ ಮುಂದೆ ಮಾತ್ರೆ ಬಾಯಿಗೆ ಹಾಕಿ ಕೆನ್ನೆಯಲ್ಲಿ ಉಳಿಸಿಕೊಳ್ಳೋದು ಉಂಟು. ನುಂಗಿದ್ದಾರಾ ಅಂತ ನೋಡಿಯೇ ಮುಂದಿನ ಹಾಸಿಗೆಗೆ ಹೋಗಿ.

ಮೂರನೆಯದು ಕೂಗಾಟ. ಎರಡು ತೋಳು ದೂರ ನಿಲ್ಲಿ, ಎದುರುಬದುರು ಬೇಡ, ಸ್ವಲ್ಪ ಓರೆಯಾಗಿ. ಬಾಗಿಲು ನಿಮಗೆ ಹತ್ತಿರ ಇರಲಿ, ಆದರೆ ರೋಗಿಗೆ ಅಡ್ಡಗಟ್ಟಿದ ಹಾಗೆ ಆಗಬಾರದು. ಕತ್ತಿನ ಸ್ಟೆತಾಸ್ಕೋಪ್, ಐಡಿ ಕಾರ್ಡ್ ದಾರ ತೆಗೆದಿಡಿ. ಕೈ ಕಾಣುವ ಹಾಗಿರಲಿ. ಒಬ್ಬರೇ ಮಾತಾಡಬೇಕು. ನಾಲ್ಕು ಜನ ಸುತ್ತ ನಿಂತು ನಾಲ್ಕು ಥರ ಸಮಾಧಾನ ಮಾಡಿದರೆ ಉರಿಯೋ ಬೆಂಕಿಗೆ ತುಪ್ಪ ಸುರಿದ ಹಾಗೆ. ನಾಲ್ಕೈದು ಪದದ ವಾಕ್ಯ, ಕೆಳದನಿ, ಎರಡು ಆಯ್ಕೆ: “ಇಲ್ಲಿ ಕೂತು ಮಾತಾಡೋಣವಾ, ಹೊರಗಡೆ ಬೆಂಚಿನ ಹತ್ತಿರ ಹೋಗೋಣವಾ?” ಮಾತು ಕೈಮೀರಿದರೆ ಹಿಂದೆ ಸರಿದು ಸಹಾಯ ಕರೆಯಿರಿ, ಒಬ್ಬರೇ ಹಿಡಿಯೋಕೆ ಹೋಗಬೇಡಿ.

ತೀವ್ರನಿಗಾ:
ಇದಕ್ಕೊಂದು ಸೇರಿಸಲೇಬೇಕು. ನಿನ್ನೆತನಕ ಸರಿಯಾಗಿದ್ದವರು ಇದ್ದಕ್ಕಿದ್ದಂತೆ ಕೂಗಾಡಿದರೆ ‘ಸ್ವಭಾವ’ ಅಂತ ಬರೆಯೋ ಮೊದಲು ಆಕ್ಸಿಜನ್ ಮಟ್ಟ, ರಕ್ತದ ಸಕ್ಕರೆ, ಜ್ವರ, ನೋವು ನೋಡಿ, ಮೂತ್ರ ಕಟ್ಟಿದೆಯಾ ನೋಡಿ. ಮೂತ್ರ ಹೋಗಲು ಹಾಕಿದ ಕ್ಯಾಥೆಟರ್ ಪೈಪ್ ಮಡಚಿಕೊಂಡು ಮೂತ್ರಕೋಶ ತುಂಬಿದ್ದರೂ ವಯಸ್ಸಾದವರು ಹೀಗೇ ಆಡ್ತಾರೆ. ಗಂಟೆ ಗಂಟೆಗೂ ಬದಲಾಗುವ ಗೊಂದಲ, ಗಮನ ನಿಲ್ಲದಿರೋದು, ಇವು ಡೆಲಿರಿಯಂ (ದೇಹದ ತೊಂದರೆಯಿಂದ ದಿಢೀರನೆ ಬುದ್ಧಿ ಕದಡೋದು) ಗುರುತು. ಅದಕ್ಕೆ ಕಾರಣ ಹುಡುಕಬೇಕು, ಬುದ್ಧಿ ಹೇಳಿ ಫಲ ಇಲ್ಲ. ಎಲ್ಲೋ ಡಬ್ಬಿಯಲ್ಲಿ ಉಳಿದ ಕನ್ನಡಕ, ಕಿವಿಯಂತ್ರ ಹಾಕಿಸಿ, ಗಡಿಯಾರ ಕಾಣುವ ಹಾಗಿಡಿ, ರಾತ್ರಿ ದೀಪ ತಗ್ಗಿಸಿ.

ವೆಂಟಿಲೇಟರ್ ಮೇಲಿರುವವರಿಗೆ, ಪ್ರಜ್ಞೆ ಇಲ್ಲ ಅಂತ ಕಾಣುವವರಿಗೆ ಕೇಳಿಸುತ್ತೆ ಅಂತಲೇ ನಡೆದುಕೊಳ್ಳಿ. ಹಾಸಿಗೆ ಮೇಲೆ ಬಾಗಿಕೊಂಡು ಇನ್ನೊಬ್ಬರ ರಿಪೋರ್ಟ್ ಮಾತಾಡೋದು, “ಇವರದ್ದು ಕಷ್ಟ” ಅನ್ನೋದು ಎರಡೂ ಬೇಡ. ಹೆಸರು ಹಿಡಿದು ಕರೆದು ನೀವು ಯಾರು, ಈಗ ಹಗಲೋ ರಾತ್ರಿಯೋ, ಏನು ಮಾಡ್ತೀರಿ ಅಂತ ಹೇಳಿ, ಆಮೇಲೆ ಮುಟ್ಟಿ. ಸಕ್ಷನ್ ಮಾಡುವಾಗ: “ಕಫ ತೆಗೀತೀನಿ. ಕೆಮ್ಮು ಬರುತ್ತೆ, ಉಸಿರು ಕಟ್ಟಿದ ಹಾಗೆ ಆಗುತ್ತೆ, ಹತ್ತು ಎಣಿಸೋದರೊಳಗೆ ಮುಗಿಯುತ್ತೆ.” ಮೊದಲು ಆಕ್ಸಿಜನ್ ಹೆಚ್ಚಿಸಿ, ಒಂದು ಸಲಕ್ಕೆ 10ರಿಂದ 15 ಸೆಕೆಂಡು ಮೀರಬೇಡಿ. ಹೇಳದೆ ಟ್ಯೂಬ್ ಇಳಿಸಿದರೆ ರೋಗಿ ಕೈ ಮೇಲೆತ್ತಿ ಎಳೆಯೋಕೆ ಬರ್ತಾರೆ, ಆಮೇಲೆ ಕೈ ಕಟ್ಟುವ ಮಾತು ಬರುತ್ತೆ. ಎಷ್ಟೋ ಕಡೆ ಕಟ್ಟು ಬಂದಿರೋದು ಆ ಎರಡು ವಾಕ್ಯ ಹೇಳದ್ದರಿಂದ.

ಎಚ್ಚರ ಇದ್ದು ಮಾತಾಡಲಾಗದವರ ಜೊತೆ ಸಂಕೇತ ಮೊದಲೇ ಗೊತ್ತುಮಾಡಿಕೊಳ್ಳಿ: ಒಮ್ಮೆ ಕಣ್ಣು ಮುಚ್ಚಿದರೆ ಹೌದು, ಎರಡು ಸಲ ಅಂದರೆ ಇಲ್ಲ. ಉತ್ತರ ಗೊತ್ತಿರುವ ಪ್ರಶ್ನೆಯಿಂದ ಪರೀಕ್ಷೆ ಮಾಡಿ ನೋಡಿ, ಆಮೇಲೆ ನಂಬಿ. “ನೋವಿದೆಯಾ, ತಿರುಗಿಸಲಾ?” ಅಂತ ಎರಡನ್ನು ಜೋಡಿಸಿದರೆ ಬಂದ ‘ಹೌದು’ ಯಾವುದಕ್ಕೆ ಅಂತ ಗೊತ್ತಾಗಲ್ಲ. ಒಂದು ಪ್ರಶ್ನೆ, ಹತ್ತು ಸೆಕೆಂಡ್ ಕಾಯುವುದು. ಆ ಸಂಕೇತವನ್ನು ಹಾಸಿಗೆ ತಲೆಭಾಗದಲ್ಲಿ ದೊಡ್ಡಕ್ಷರದಲ್ಲಿ ಬರೆದು ಅಂಟಿಸಿ, ಇಲ್ಲದಿದ್ದರೆ ಮುಂದಿನ ಪಾಳಿಯವರು ಬೇರೆ ಸಂಕೇತ ಹುಟ್ಟುಹಾಕ್ತಾರೆ.

ಮೂರನೇ_ವರ್ಷ:
ತುಂಬಾ ಉಪಯೋಗ ಆಯಿತು. ಎರಡು ಸಂದೇಹ. ಮೌನ ಎಷ್ಟು ಹೊತ್ತು? ಮತ್ತು “ಯಾಕೆ” ಅಂತ ಕೇಳಬಾರದು ಅಂತಾರೆ, ಕಾರಣ ತಿಳಿಯದೆ ಆರೈಕೆ ಹೇಗೆ?

ಬೋಧಕಿ:
ಮೌನಕ್ಕೆ ಐದರಿಂದ ಹತ್ತು ಸೆಕೆಂಡ್ ಸಾಮಾನ್ಯವಾಗಿ ಸಾಕು. ಹೊಸಬರಿಗೆ ಅದೇ ಒಂದು ಯುಗ ಅನ್ನಿಸಿ ಮೂರನೇ ಸೆಕೆಂಡಿಗೆ ಏನೋ ಹೇಳಿಬಿಡ್ತಾರೆ. ರೋಗಿಯ ಕಣ್ಣು ಮೇಲೆ ಕೆಳಗೆ ಓಡ್ತಿದ್ದರೆ ಯೋಚನೆ ಮಾಡ್ತಿದ್ದಾರೆ, ಕಾಯಿರಿ. ನಿಮ್ಮ ಮುಖವನ್ನೇ ನೋಡ್ತಿದ್ದರೆ ಇನ್ನು ನಿಮ್ಮ ಸರದಿ. 1984ರಲ್ಲಿ ಬೆಕ್‌ಮನ್ ಮತ್ತು ಫ್ರಾಂಕೆಲ್ ಪ್ರಕಟಿಸಿದ ಅಧ್ಯಯನದಲ್ಲಿ ರೋಗಿ ಮಾತು ಶುರುಮಾಡಿ ಸರಾಸರಿ 18 ಸೆಕೆಂಡಿಗೆ ಡಾಕ್ಟರು ಅಡ್ಡ ಬಾಯಿ ಹಾಕ್ತಿದ್ದರು ಅಂತ ಕಂಡುಬಂತು. ನಾವೂ ಬೇರೆಯಲ್ಲ.

“ಯಾಕೆ ಮಾತ್ರೆ ತಗೊಂಡಿಲ್ಲ?” ಅಂದರೆ ವಿಚಾರಣೆ ಮಾಡಿದ ಹಾಗೆ ಕೇಳುತ್ತೆ, ರೋಗಿ ಒಂದು ನೆಪ ಹೇಳಿ ಪಾರಾಗ್ತಾರೆ. “ಮಾತ್ರೆ ತಗೊಳ್ಳೋಕೆ ಏನು ಕಷ್ಟ ಆಗ್ತಿದೆ?” ಅಂತ ಕೇಳಿ ನೋಡಿ. ತಲೆಸುತ್ತು ಬರುತ್ತೆ, ನುಂಗೋಕೆ ದಪ್ಪ, ರಾತ್ರಿ ಮೂತ್ರಕ್ಕೆ ಏಳಬೇಕಾಗುತ್ತೆ, ಇಂಥದ್ದು ಸಿಗುತ್ತೆ. ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಸಂಜೆಯಿಂದ ಬೆಳಿಗ್ಗೆಗೆ ಬದಲಿಸಿಕೊಡಿ ಅಂತ ಡಾಕ್ಟರನ್ನು ಕೇಳಿದರೆ ಸಮಸ್ಯೆ ಮುಗಿದೇ ಹೋಗಬಹುದು.

“ನಿಮ್ಮ ಕಷ್ಟ ನನಗೆ ಪೂರ್ತಿ ಅರ್ಥ ಆಗುತ್ತೆ” ಅನ್ನೋದನ್ನೂ ಬಿಟ್ಟುಬಿಡಿ. ಕಾಲು ತೆಗೆದವರ ಮುಂದೆ ಕಾಲಿರುವವರು ಆಡುವ ಮಾತಲ್ಲ ಅದು. “ನೀವು ಹೇಳಿದ್ದು ಕೇಳಿ, ಇದು ಎಷ್ಟು ಭಾರ ಅಂತ ಸ್ವಲ್ಪ ತಿಳೀತಿದೆ. ಇನ್ನೂ ಹೇಳಿ” ಅಂದರೆ ಸಾಕು.

ಮನೆ_ಆರೈಕೆ:
ನರ್ಸ್ ಅಲ್ಲದವರೂ ಓದ್ತಿದ್ದೀವಿ. ಮನೆಯಲ್ಲಿ ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವವರಿಗೆ ದೊಡ್ಡ ಜಗಳ ಸ್ನಾನದ್ದು. ಇನ್ನೊಂದು, ಸಂಜೆಯಾದರೆ “ಮನೆಗೆ ಹೋಗಬೇಕು” ಅನ್ನೋದು. ಮನೆಯಲ್ಲೇ ಇದ್ದರೂ. ಇದಕ್ಕೆ ಏನು ಹೇಳಬೇಕು?

ರಾತ್ರಿಪಾಳಿ:
ಸ್ನಾನಕ್ಕೆ “ಸ್ನಾನ ಮಾಡ್ತೀರಾ?” ಅಂತ ಕೇಳಬೇಡಿ, ‘ಬೇಡ’ ಅನ್ನೋದೇ ಸುಲಭದ ಉತ್ತರ. ಬಿಸಿನೀರು, ಟವೆಲ್, ಬಟ್ಟೆ ಎಲ್ಲ ಸಿದ್ಧ ಮಾಡಿಕೊಂಡು, ಬಚ್ಚಲಿನ ಚಳಿ ಕಳೆದು, ಎದುರಿನಿಂದ ಬಂದು ಹೆಸರು ಹಿಡಿದೋ ಅವರಿಗೆ ಒಗ್ಗಿದ ಸಂಬಂಧ ಹಿಡಿದೋ ಕರೆಯಿರಿ. ಒಂದು ಸಲಕ್ಕೆ ಒಂದೇ ಹೆಜ್ಜೆ ಹೇಳಿ: “ಬನ್ನಿ, ಏಳೋಣ.” ಎದ್ದ ಮೇಲೆ ಮುಂದಿನದು. ನೀರನ್ನು ಮೊದಲು ಪಾದಕ್ಕೆ, ಆಮೇಲೆ ಮೇಲಕ್ಕೆ. ತಲೆಗೆ ಕೊನೆಯಲ್ಲಿ. ತಲೆ ಮೇಲೆ ದಿಢೀರ್ ನೀರು ಸುರಿದರೆ ಅವರಿಗೆ ಮುಳುಗಿದ ಹಾಗೆ ಅನ್ನಿಸುತ್ತೆ. ಬೆನ್ನ ಮೇಲೆ ಒಂದು ಟವೆಲ್ ಹೊದಿಸಿಯೇ ಇರಿ. ಒಂದು ತಂಬಿಗೆ ಅವರ ಕೈಗೆ ಕೊಡಿ, ಕೈಗೆ ಕೆಲಸ ಇದ್ದರೆ ಪ್ರತಿಭಟನೆ ಕಡಿಮೆ. ಬೇಡವೇ ಬೇಡ ಅಂದರೆ ಬಿಟ್ಟು ಅರ್ಧ ಗಂಟೆ ಬಿಟ್ಟು ಬನ್ನಿ. ಅವತ್ತು ಮುಖ, ಕಂಕುಳು, ತೊಡೆಸಂದಿ ಒರೆಸಿದರೂ ಸಾಕು.

ಮಗುವಿಗೆ ಮಾತಾಡಿಸುವ ಧಾಟಿಯಲ್ಲಿ “ಚಿನ್ನು, ಜಾಣ ಅಲ್ವಾ” ಅನ್ನಬೇಡಿ. ಹೀಗೆ ಮಾತಾಡಿಸಿದಾಗ ಮರೆವಿನ ಕಾಯಿಲೆಯವರು ಆರೈಕೆಗೆ ಹೆಚ್ಚು ಅಡ್ಡಿ ಮಾಡ್ತಾರೆ ಅಂತ ಅಧ್ಯಯನಗಳು ತೋರಿಸಿವೆ. ನೆನಪು ಹೋಗಿರುತ್ತೆ, ಮರ್ಯಾದೆಯ ಅರಿವು ಹೋಗಿರಲ್ಲ.

“ಮನೆಗೆ ಹೋಗಬೇಕು” ಅಂದಾಗ “ಇದೇ ನಿಮ್ಮ ಮನೆ” ಅಂತ ಸಾಧಿಸಿ ಗೆಲ್ಲೋಕೆ ಆಗಲ್ಲ. “ಮನೇಲಿ ಯಾರ್ಯಾರಿದ್ದಾರೆ? ಯಾರನ್ನ ನೋಡಬೇಕು ಅನ್ನಿಸ್ತಿದೆ?” ಅಂತ ಕೇಳಿ. ತಾಯಿಯ ನೆನಪು, ಹಸಿವು, ಮೂತ್ರದ ಒತ್ತಡ, ಕತ್ತಲಾಗ್ತಿದೆ ಅನ್ನೋ ಅಂಜಿಕೆ, ಯಾವುದೋ ಒಂದು ಹೊರಬೀಳುತ್ತೆ, ಅದಕ್ಕೆ ಉತ್ತರ ಕೊಡಿ. ಸಂಜೆ ಕತ್ತಲಾಗುವ ಮೊದಲೇ ದೀಪ ಹಾಕಿ.

ಮಕ್ಕಳ_ವಾರ್ಡ್:
ಮಕ್ಕಳಿಗೆ “ನೋವಾಗಲ್ಲ, ಇರುವೆ ಕಚ್ಚಿದ ಹಾಗೆ” ಅನ್ನೋದು ಇದೇ ಜಾತಿಯ ಹುಸಿ ಭರವಸೆ. ಒಂದು ಸಲ ನಂಬಿಕೆ ಮುರಿದರೆ ಮುಂದಿನ ಕ್ಯಾನುಲಾಕ್ಕೆ (ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) ಮೂವರು ಹಿಡಿಯಬೇಕಾಗುತ್ತೆ. “ಚುರ್ ಅನ್ನುತ್ತೆ. ಅಳಬಹುದು, ಕೈ ಮಾತ್ರ ಅಲ್ಲಾಡಿಸಬೇಡ. ಐದು ಎಣಿಸೋಣ” ಅನ್ನಿ. ಮೂರು ವರ್ಷದೊಳಗಿನ ಮಗುವಿಗೆ ಮಾಡುವ ಕ್ಷಣದ ಮುಂಚೆ ಹೇಳಿದರೆ ಸಾಕು, ಗಂಟೆ ಮೊದಲು ಹೇಳಿದರೆ ಆ ಗಂಟೆಯಿಡೀ ಹೆದರಿಕೆ. ಶಾಲೆಗೆ ಹೋಗುವ ಮಗುವಿಗೆ ಮೊದಲೇ ಹೇಳಿ, ಸೂಜಿ ಇಲ್ಲದ ಸಿರಿಂಜ್ ಕೈಗೆ ಕೊಟ್ಟು ಗೊಂಬೆಗೆ ಚುಚ್ಚಿಸಿ. ಮಲಗಿಸಿ ಅದುಮುವ ಬದಲು ಅಮ್ಮನ ಮಡಿಲಲ್ಲಿ ಎದೆಗಾನಿಸಿ ಕೂರಿಸಿ. ಆಯ್ಕೆ ನಿಜವಾದದ್ದಿರಲಿ. “ಚುಚ್ಚಲಾ?” ಆಯ್ಕೆಯಲ್ಲ. “ಎಡಗೈಯೋ ಬಲಗೈಯೋ?” ಆಯ್ಕೆ.

ನೋವು ಅಳೆಯೋಕೆ ಮೂರು ವರ್ಷದಿಂದ ಮುಖಚಿತ್ರಗಳ ಪಟ್ಟಿ ಬಳಸಬಹುದು. ‘ನಿನ್ನ ಮುಖ ಯಾವುದು’ ಅಂತ ಕೇಳಬೇಡಿ, ‘ನಿನಗೆ ಎಷ್ಟು ನೋವು ಅಂತ ತೋರಿಸೋ ಮುಖ ಯಾವುದು’ ಅಂತ ಕೇಳಿ. ಇನ್ನೂ ಚಿಕ್ಕವರಿಗೆ ಮುಖ, ಕಾಲು, ಚಟುವಟಿಕೆ, ಅಳು, ಸಮಾಧಾನವಾಗುವ ಬಗೆ ಐದಕ್ಕೂ 0ರಿಂದ 2 ಅಂಕ, ಒಟ್ಟು 10.

ಹಸಿರು_ಪರದೆ:
ಕ್ಯಾನ್ಸರ್ ವಾರ್ಡಿನಲ್ಲಿ ದಿನಾ ಬರುವ ಪ್ರಶ್ನೆ: ಮನೆಯವರು “ಅವರಿಗೆ ಏನೂ ಹೇಳಬೇಡಿ” ಅಂತಾರೆ, ರೋಗಿ “ನನಗೇನಾಗಿದೆ ಸಿಸ್ಟರ್?” ಅಂತಾರೆ. ರೋಗದ ಹೆಸರನ್ನು ಮೊದಲ ಸಲ ಹೇಳೋದು ಚಿಕಿತ್ಸೆ ಮಾಡುವ ಡಾಕ್ಟರ ಕೆಲಸ. ಆದರೆ ಸುಳ್ಳು ಹೇಳೋದು ಯಾರ ಕೆಲಸವೂ ಅಲ್ಲ. “ಬರೀ ಗ್ಯಾಸ್ಟ್ರಿಕ್” ಅಂದುಬಿಟ್ಟರೆ ನಾಳೆ ಕೂದಲು ಉದುರಿದಾಗ ನಿಮ್ಮ ಯಾವ ಮಾತನ್ನೂ ಅವರು ನಂಬಲ್ಲ. “ಇದುವರೆಗೆ ನಿಮಗೆ ಏನು ಹೇಳಿದಾರೆ? ನಿಮಗೇನು ಅನ್ನಿಸುತ್ತೆ?” ಅಂತ ಕೇಳಿ. ಬಹುಪಾಲು ಜನ ಊಹಿಸಿರ್ತಾರೆ. ಆಮೇಲೆ: “ನಿಮ್ಮ ಕಾಯಿಲೆ ಬಗ್ಗೆ ಎಲ್ಲ ತಿಳ್ಕೋಬೇಕು ಅನ್ನಿಸುತ್ತಾ, ಮನೆಯವರ ಹತ್ತಿರ ಮಾತಾಡಿದ್ರೆ ಸಾಕು ಅನ್ನಿಸುತ್ತಾ?” ಉತ್ತರವನ್ನು ಅವರದೇ ಮಾತಲ್ಲಿ ಬರೆದು ಡಾಕ್ಟರಿಗೆ ತಲುಪಿಸಿ.

ಮನೆಯವರನ್ನು ಬೈಯಬೇಡಿ, ಅವರದ್ದೂ ಪ್ರೀತಿಯೇ. “ಹೇಳಿದ್ರೆ ಏನಾಗುತ್ತೆ ಅಂತ ಹೆದರ್ತಿದೀರಿ?” ಅಂತ ಕೇಳಿ. “ನಾನಾಗಿ ಹೋಗಿ ಹೇಳಲ್ಲ. ಅವರಾಗಿ ಕೇಳಿದ್ರೆ ಸುಳ್ಳು ಹೇಳಲ್ಲ” ಅಂತ ಮೊದಲೇ ತಿಳಿಸಿದರೆ ಆಮೇಲೆ ಜಗಳ ಇರಲ್ಲ. ಭಾಷೆ ಬಾರದ ರೋಗಿಗೆ ಮನೆಯವರನ್ನೇ, ಅದರಲ್ಲೂ ಮಕ್ಕಳನ್ನು, ಅನುವಾದಕ್ಕೆ ಕೂರಿಸಬಾರದು ಅನ್ನೋದೂ ಇದಕ್ಕೇ. ಬೇಡವಾದ ಸುದ್ದಿ ದಾರಿಯಲ್ಲೇ ಸೋರಿಹೋಗುತ್ತೆ.

ಮೂರನೇ_ವರ್ಷ:
ಡಿಸ್‌ಚಾರ್ಜ್ ಹೊತ್ತಲ್ಲಿ “ಅರ್ಥ ಆಯ್ತಾ?” ಅಂದರೆ ಎಲ್ಲರೂ ತಲೆಯಾಡಿಸ್ತಾರೆ. ಅದಕ್ಕೇನು ದಾರಿ?

ಬೋಧಕಿ:
ಮರಳಿ ಹೇಳಿಸುವುದು. “ನಾನು ಸರಿಯಾಗಿ ಹೇಳಿದೀನಾ ಅಂತ ನೋಡಬೇಕು. ಮನೆಗೆ ಹೋಗಿ ಇನ್ಸುಲಿನ್ ಹೇಗೆ ತಗೋತೀರಿ, ನನಗೆ ಮಾಡಿ ತೋರಿಸಿ.” ಪರೀಕ್ಷೆ ನಮ್ಮ ವಿವರಣೆಗೆ, ಅವರಿಗಲ್ಲ. ಮಾಡಿ ತೋರಿಸಿದಾಗ ಮಾತ್ರ ಕಾಣುವ ತಪ್ಪುಗಳಿವೆ. ಪೆನ್ನಿನಲ್ಲಿ 2 ಯೂನಿಟ್ ಗಾಳಿಗೆ ಬಿಟ್ಟು ನೋಡದೆ ಚುಚ್ಚೋದು, ಗುಂಡಿ ಒತ್ತಿದ ತಕ್ಷಣ ಸೂಜಿ ಎಳೆಯೋದು (ಹತ್ತು ಎಣಿಸಬೇಕು, ಇಲ್ಲದಿದ್ದರೆ ಔಷಧಿ ಹೊರಗೆ ತೊಟ್ಟಿಕ್ಕುತ್ತೆ), ನೋವಾಗಲ್ಲ ಅಂತ ಅದೇ ಜಾಗಕ್ಕೆ ಚುಚ್ಚಿ ಚುಚ್ಚಿ ಗಂಟು ಮಾಡಿಕೊಳ್ಳೋದು. ಗಂಟಿನಲ್ಲಿ ಇನ್ಸುಲಿನ್ ಸರಿಯಾಗಿ ಹೀರಲ್ಲ, ಹಿಂದಿನ ಜಾಗದಿಂದ ಒಂದು ಬೆರಳಗಲ ಸರಿಯಬೇಕು. ಸಕ್ಕರೆ 70ಕ್ಕಿಂತ ಇಳಿದು ನಡುಕ, ಬೆವರು ಬಂದರೆ 15 ಗ್ರಾಂ ಗ್ಲೂಕೋಸ್ ಅಥವಾ ಸಕ್ಕರೆ, 15 ನಿಮಿಷಕ್ಕೆ ಮತ್ತೆ ಪರೀಕ್ಷೆ. ಒಂದು ಕೂತಿಗೆ ಮೂರು ವಿಷಯಕ್ಕಿಂತ ಹೆಚ್ಚು ತುಂಬಬೇಡಿ, ಒಂದೊಂದನ್ನೂ ಹೇಳಿಸಿಯೇ ಮುಂದಕ್ಕೆ ಹೋಗಿ.

ತೀವ್ರನಿಗಾ:
ಕೊನೆಗೆ ಬರವಣಿಗೆ. ರೋಗಿ ಹೇಳಿದ್ದು ಚಾರ್ಟಿಗೆ ಬರದಿದ್ದರೆ ಕೇಳಿಸಿಕೊಂಡದ್ದು ಪಾಳಿ ಮುಗಿದ ಕೂಡಲೇ ಕಳೆದುಹೋಗುತ್ತೆ. ‘ರೋಗಿ ಆತಂಕದಲ್ಲಿದ್ದಾರೆ’ ಅಂತ ಬರೆಯಬೇಡಿ. ‘ರಾತ್ರಿ 2.10: “ಎದೆ ಮೇಲೆ ಕಲ್ಲಿಟ್ಟ ಹಾಗಿದೆ, ನಾನು ಸಾಯ್ತೀನಿ” ಎಂದರು. ಬೆವರು, ಹಾಸಿಗೆ ಅಂಚಿನಲ್ಲಿ ಕೂತಿದ್ದಾರೆ, ಉಸಿರು ನಿಮಿಷಕ್ಕೆ 28, ಆಕ್ಸಿಜನ್ 88’ ಅಂತ ಬರೆಯಿರಿ. ಹೀಗೆ ಬರೆಯುವಾಗಲೇ ಗೊತ್ತಾಗುತ್ತೆ ಇದು ಸಮಾಧಾನದ ಮಾತಿನ ಹೊತ್ತಲ್ಲ ಅಂತ. ಬೆಡ್ಡಿನ ತಲೆಭಾಗ ಎತ್ತಿ, ಆಕ್ಸಿಜನ್ ಕೊಟ್ಟು, ಪಕ್ಕದಲ್ಲೊಬ್ಬರನ್ನು ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ. ನಾಲ್ಕೇ ಭಾಗ: ಈಗ ಏನಾಗಿದೆ, ಹಿನ್ನೆಲೆ ಏನು, ನನಗೇನು ಅನ್ನಿಸುತ್ತೆ, ನಿಮ್ಮಿಂದ ಏನು ಬೇಕು. ಅಮೆರಿಕದ ನೌಕಾಪಡೆಯ ಸಬ್‌ಮರೀನ್‌ಗಳಿಂದ ಆಸ್ಪತ್ರೆಗಳಿಗೆ ಬಂದ ಕ್ರಮ ಇದು. ನಾಲ್ಕನೆಯದನ್ನೇ ಹೊಸಬರು ನುಂಗಿಬಿಡೋದು. “ಸುಮ್ಮನೆ ತಿಳಿಸೋಣ ಅಂತ ಫೋನ್ ಮಾಡ್ದೆ” ಅನ್ನಬೇಡಿ, “ನೀವು ಈಗಲೇ ಬಂದು ನೋಡಬೇಕು” ಅನ್ನಿ. ಫೋನಿನಲ್ಲಿ ಹೇಳಿದ ಔಷಧಿ, ಪ್ರಮಾಣ ಬರೆದುಕೊಂಡು ತಿರುಗಿ ಓದಿ ಹೇಳಿ.

ಮೂರನೇ_ವರ್ಷ:
ಫೋನಿಗೆ ಹೋಗುವಾಗ ಹೆದರಿದ ರೋಗಿಯನ್ನು ಬಿಟ್ಟುಹೋಗಬೇಕಲ್ಲ, ಆಗ?

ತೀವ್ರನಿಗಾ:
“ನಿಮ್ಮ ಉಸಿರು ನನಗೂ ಸರಿ ಕಾಣ್ತಿಲ್ಲ, ಅದಕ್ಕೇ ಡಾಕ್ಟರನ್ನ ಕರೀತಿದೀನಿ. ಇವರು ನಿಮ್ಮ ಪಕ್ಕದಲ್ಲೇ ಇರ್ತಾರೆ. ನಾನು ಎದುರಿನ ಆ ಫೋನ್ ಹತ್ತಿರಾನೇ ಇದೀನಿ, ಇಲ್ಲಿಂದ ಕಾಣ್ತೀನಿ.” ಮಾತಾಡುವಾಗ ರೋಗಿ ಕಡೆಗೆ ಮುಖ ಮಾಡಿ ನಿಲ್ಲಿ.